ಮನೇಲೇ ಅಕ್ಕಿ ಹಾಲು ಮಾಡೋದು ಹೇಗೆ? ಯಾರು ಕುಡಿಯಬಹುದು, ಯಾರಿಗೆ ಬೇಡವೇ ಬೇಡ?

ಮಂಡ್ಯ: ಜಿಲ್ಲೆಯಲ್ಲಿ ಹಾಲಿಗೂ ಕೊರತೆ ಇಲ್ಲ, ಅಕ್ಕಿಗೂ ಕೊರತೆ ಇಲ್ಲ. ಬೆಳಕು ಹರಿಯೋ ಹೊತ್ತಿಗೆ ಡೇರಿ ಮುಂದೆ ಕ್ಯಾನ್ ಹಿಡಿದವರ ಸಾಲು, ವಿ.ಸಿ. ನಾಲೆಯ ಬಯಲಿಗೆ ಇಳಿದರೆ ಭತ್ತದ ಗದ್ದೆ. ಎರಡೂ ಕೈಗೆಟಕುವಾಗ ಅಕ್ಕಿಯಿಂದ ಹಾಲು ಹಿಂಡುವ ಉಸಾಬರಿ ಯಾಕೆ ಅಂತ ಯಾರಿಗಾದರೂ ಅನ್ನಿಸಬಹುದು. ಆದರೆ ಹಾಲು ಕುಡಿದ ಗಂಟೆಯೊಳಗೆ ಹೊಟ್ಟೆ ಉಬ್ಬರಿಸಿಕೊಳ್ಳುವವರು, ಹಾಲು ತಾಗಿದರೆ ಮೈಯೆಲ್ಲ ದದ್ದು ಏಳುವ ಮಕ್ಕಳು, ಹಾಲು-ತುಪ್ಪ ಬಿಟ್ಟು ಬರೀ ಸಸ್ಯಾಹಾರಕ್ಕೆ ತಿರುಗಿದವರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಸೂಪರ್ ಮಾರ್ಕೆಟ್‌ನಲ್ಲಿ ಬಾದಾಮಿ, ಓಟ್ಸ್, ಸೋಯಾ ಪ್ಯಾಕೆಟ್‌ಗಳ ಪಕ್ಕದಲ್ಲಿ ಅಕ್ಕಿಯದೂ ಕೂತಿದೆ. ಬೆಲೆ ನೋಡಿದವರು ಹಿಂದಕ್ಕೆ ಇಡುತ್ತಾರೆ. ಕೆ.ಜಿ.ಗೆ 60 ರೂಪಾಯಿಯ ಅಕ್ಕಿ ಅಂತ ಲೆಕ್ಕ ಹಿಡಿದರೂ ಒಂದು ಲೀಟರ್ ಅಕ್ಕಿ ಹಾಲಿಗೆ ಬೇಕಾಗೋದು 100 ಗ್ರಾಂ, ಅಂದರೆ 6 ರೂಪಾಯಿ. ಉಳಿದದ್ದು ನೀರು, ಗ್ಯಾಸು, ಒಂದಿಷ್ಟು ತಾಳ್ಮೆ.

ಮಾಡೋದು ಸುಲಭ. ಕುಡಿಯುವವರು ಯಾರು ಅನ್ನೋದರಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಅದರಲ್ಲೂ ಐದು ವರ್ಷದೊಳಗಿನ ಮಗು ಇರುವ ಮನೆಯವರು ಮಾಡುವ ವಿಧಾನ ಓದುವ ಮೊದಲು ಕೆಳಗೆ ಮಕ್ಕಳ ಬಗ್ಗೆ ಬರೆದಿರುವ ಭಾಗವನ್ನು ಓದುವುದು ಒಳ್ಳೆಯದು.

ಹೊಸದೇನಲ್ಲ, ಹಾಲುಬಾಯಿ ಮಾಡಿದವರಿಗೆ ಗೊತ್ತು

ಅಕ್ಕಿ ನೆನೆಹಾಕಿ, ತೆಂಗಿನಕಾಯಿ ಜೊತೆ ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಾಲು ತೆಗೆಯೋದು ಹಳೇ ಮೈಸೂರು ಸೀಮೆಯ ಅಡುಗೆಮನೆಗೆ ಹೊಸ ವಿಷಯ ಅಲ್ಲ. ಹಾಲುಬಾಯಿ ಆಗೋದೇ ಹಾಗೆ. ಆ ಹಾಲನ್ನು ಬೆಲ್ಲದ ಜೊತೆ ಒಲೆ ಮೇಲಿಟ್ಟು ಕೈ ಬಿಡದೆ ತಿರುವಿದರೆ ಗಟ್ಟಿಯಾಗಿ ತಳ ಬಿಡುತ್ತೆ, ತುಪ್ಪ ಸವರಿದ ತಟ್ಟೆಗೆ ಸುರಿದು ಆರಿದ ಮೇಲೆ ಕುಯ್ಯೋದು. ರಾಗಿಯಲ್ಲಿ ಮಾಡುವ ಕೀಲ್ಸವೂ ಅದೇ ದಾರಿಯದು. ಗಸಗಸೆ ಪಾಯಸಕ್ಕೂ ಒಂದು ಹಿಡಿ ಅಕ್ಕಿ ರುಬ್ಬಿ ಹಾಕುವ ವಾಡಿಕೆ ಇದೆ, ಪಾಯಸ ಮಂದ ಬರಲಿ ಅಂತ. ಒತ್ತು ಶ್ಯಾವಿಗೆ ಜೊತೆ ಕಾಯಿಹಾಲು ಇರಲೇಬೇಕು. ಹಸುವಿನದಲ್ಲದ ಹಾಲು ನಮ್ಮ ಕಡೆಯ ಹಬ್ಬದೂಟದಲ್ಲಿ ಮೊದಲಿಂದಲೂ ಇತ್ತು, ಲೋಟಕ್ಕೆ ಸುರಿದು ಕುಡಿಯುತ್ತಿರಲಿಲ್ಲ ಅಷ್ಟೇ.

ಬೇರೆ ಕಡೆ ಕುಡಿಯುತ್ತಾರೆ. ಮೆಕ್ಸಿಕೋದಲ್ಲಿ ಅಕ್ಕಿ ನೆನೆಸಿ ರುಬ್ಬಿ, ದಾಲ್ಚಿನ್ನಿ-ಸಕ್ಕರೆ ಹಾಕಿ ತಣ್ಣಗೆ ಕುಡಿಯುವ ಪಾನೀಯಕ್ಕೆ ಓರ್ಚಾಟಾ ಅಂತ ಹೆಸರು. ಕೊರಿಯಾದವರ ಸಿಕ್ಯೆ ಇನ್ನೊಂದು ಥರ. ಅಲ್ಲಿ ಮೊಳಕೆ ಬಾರ್ಲಿಯ ನೀರಿನಲ್ಲಿ ಅನ್ನವನ್ನು ಬೆಚ್ಚಗೆ ಇಟ್ಟು ಅಕ್ಕಿಯೊಳಗಿಂದಲೇ ಸಿಹಿ ಬರಿಸುತ್ತಾರೆ. ಈ ಎರಡನೇ ಉಪಾಯ ಮಂಡ್ಯದವರಿಗೂ ಉಪಯೋಗಕ್ಕೆ ಬರುತ್ತೆ. ಬಾರ್ಲಿಯ ಜಾಗದಲ್ಲಿ ರಾಗಿ ಇಟ್ಟುಕೊಂಡರಾಯಿತು. ಅದು ಮುಂದೆ ಇದೆ.

ಯಾವ ಅಕ್ಕಿ?

ಹಳೇ ಅಕ್ಕಿ ಒಳ್ಳೇದು. ಹೊಸ ಅಕ್ಕಿ ಬೇಗ ಮುದ್ದೆಯಾಗುತ್ತೆ, ಅದರ ಹಾಲು ಲೋಳೆ ಲೋಳೆ. ಸೋನಾ ಮಸೂರಿ ಎಲ್ಲರ ಮನೆಯಲ್ಲೂ ಇರುತ್ತೆ, ಅದೇ ಸಾಕು. ಜಯ, ಐಆರ್-64ರಂಥ ದಪ್ಪಕ್ಕಿಯಲ್ಲೂ ಆಗುತ್ತೆ, ರುಚಿ ಸ್ವಲ್ಪ ಸಪ್ಪೆ. ಕುಸುಬಲಕ್ಕಿ ಹಾಕಿದರೆ ಲೋಳೆ ಕಡಿಮೆ, ಆದರೆ ಅದರ ವಾಸನೆ ಅಭ್ಯಾಸ ಇಲ್ಲದವರು ಲೋಟ ಕೆಳಗಿಡುತ್ತಾರೆ. ರಾಜಮುಡಿಯಲ್ಲಿ ಮಾಡಿದರೆ ಹಾಲಿಗೆ ನಸುಗೆಂಪು ಬಣ್ಣ, ಒಳ್ಳೆಯ ಘಮ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ನಾಟಿ ಭತ್ತದ ತಳಿಗಳನ್ನು ಉಳಿಸಿ ಬೆಳೆಸುವ ಕೆಲಸ ವರ್ಷಗಳಿಂದ ನಡೆದಿದೆ. ಇಂಥ ಸಣ್ಣಕ್ಕಿ, ಪರಿಮಳದ ಅಕ್ಕಿ ಸಿಕ್ಕಿದವರು ಒಮ್ಮೆ ಅದರಲ್ಲಿ ಮಾಡಿ ನೋಡಬಹುದು. ಬರೀ ಅಕ್ಕಿ-ನೀರಿನ ಪಾನೀಯ ಆಗಿರೋದರಿಂದ ಅಕ್ಕಿಯ ಪರಿಮಳ ಮುಚ್ಚಿಹೋಗಲು ಬೇರೆ ಏನೂ ಇರಲ್ಲ.

ಪಡಿತರ ಅಕ್ಕಿ ಬಳಸುವವರಿಗೆ ಒಂದು ಮಾತು. ಸಾರವರ್ಧಿತ ಅಕ್ಕಿಯಲ್ಲಿ 100 ಕಾಳಿಗೆ ಹೆಚ್ಚು ಕಡಿಮೆ ಒಂದರಂತೆ ಬೇರೆ ಥರದ ಕಾಳು ಬೆರೆತಿರುತ್ತೆ. ನೆನೆಹಾಕಿದಾಗ ಅದರಲ್ಲಿ ಕೆಲವು ತೇಲುತ್ತವೆ. ‘ಪ್ಲಾಸ್ಟಿಕ್ ಅಕ್ಕಿ’ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಗಾಬರಿಗೆ ಬಹುಪಾಲು ಕಾರಣ ಇದೇ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕಾಳಿನ ಆಕಾರಕ್ಕೆ ಒತ್ತಿರುವುದು. ಆರಿಸಿ ಎಸೆಯುವ ಅಗತ್ಯ ಇಲ್ಲ. ಮನೆಯಲ್ಲಿ ಥಲಸ್ಸೀಮಿಯಾ ಇರುವವರಿದ್ದರೆ ಮಾತ್ರ ಡಾಕ್ಟರ್ ಹತ್ತಿರ ಕೇಳಿಕೊಳ್ಳಬೇಕು.

ಅನ್ನದಿಂದ ಮಾಡುವ ವಿಧಾನ

ಮೊದಲ ಸಲ ಮಾಡುವವರು ಇದರಿಂದಲೇ ಶುರು ಮಾಡೋದು ಸರಿ. 100 ಗ್ರಾಂ ಅಕ್ಕಿಯನ್ನು ಮೂರು ನಾಲ್ಕು ಸಲ ತೊಳೆದು, ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ. ಆರರಷ್ಟು ನೀರು ಕುದಿಸಿ ಅಕ್ಕಿ ಹಾಕಿ, ಮೆತ್ತಗೆ ಬೆಂದ ಮೇಲೆ ಗಂಜಿ ಬಸಿಯಿರಿ. ಕುಕ್ಕರ್‌ನಲ್ಲಿ ಇಂಗಿಸಬೇಡಿ, ಬಸಿದೇ ಮಾಡಿ. ಎರಡು ಕಾರಣಕ್ಕೆ: ಲೋಳೆ ಕಡಿಮೆಯಾಗುತ್ತೆ, ಅಕ್ಕಿಯಲ್ಲಿರಬಹುದಾದ ಆರ್ಸೆನಿಕ್‌ನ ಒಂದು ಪಾಲು ಬಸಿದ ನೀರಿನ ಜೊತೆ ಹೋಗುತ್ತೆ.

ಬಸಿದ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ. ಬಿಸಿ ಅನ್ನವನ್ನು ಮಿಕ್ಸಿಗೆ ಹಾಕಿದರೆ ಅಂಟು ಬರುತ್ತೆ, ಜೊತೆಗೆ ಹಬೆಗೆ ಜಾರ್‌ನ ಮುಚ್ಚಳ ಹಾರುವ ಅಪಾಯ ಬೇರೆ. ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ ನೀರು ಒಂದು ಲೋಟ, ಚಿಟಿಕೆ ಉಪ್ಪು, ಒಂದು ಚಮಚ ಕಡಲೇಕಾಯಿ ಎಣ್ಣೆ ಅಥವಾ ನೆನೆಸಿದ ನಾಲ್ಕು ಗೋಡಂಬಿ ಹಾಕಿ 20-30 ಸೆಕೆಂಡ್ ತಿರುಗಿಸಿ. ಅಷ್ಟೇ. ನುಣ್ಣಗಾಗಲಿ ಅಂತ ಎರಡು ನಿಮಿಷ ಬಿಟ್ಟರೆ ಹಾಲಿನ ಬದಲು ಪೋಸ್ಟರ್ ಅಂಟಿಸುವ ಗೋಂದು ಸಿಗುತ್ತೆ. ಇನ್ನೂ ಮೂರು ಲೋಟ ನೀರು ಸೇರಿಸಿ ಕಲಸಿ, ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಗಟ್ಟಿಯಾಗಿ ಹಿಂಡಬೇಡಿ, ತಾನಾಗೇ ಇಳಿದಷ್ಟು ಸಾಕು.

ಎಣ್ಣೆ ಯಾಕೆ ಅಂದರೆ, ಅಕ್ಕಿಯಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಿಲ್ಲದೆ ಬಾಯಿಗೆ ಹಾಲು ಅನ್ನಿಸಲ್ಲ, ಅಕ್ಕಿ ತೊಳೆದ ನೀರು ಅನ್ನಿಸುತ್ತೆ. ಎಣ್ಣೆಯ ಬದಲು ಒಂದು ಹಿಡಿ ಹಸಿ ಕೊಬ್ಬರಿ ತುರಿ ಹಾಕಿ ರುಬ್ಬಿದರೆ ಇನ್ನೂ ಚೆನ್ನ. ಸಿಹಿ ಬೇಕಾದವರು ಖರ್ಜೂರವನ್ನೋ ಬೆಲ್ಲವನ್ನೋ ಸೇರಿಸಬಹುದು. ಬಿಸಿ ಹಸುವಿನ ಹಾಲಿಗೆ ಬೆಲ್ಲ ಹಾಕಿದಾಗ ಒಡೆಯುವ ಭಯ ಇದಕ್ಕಿಲ್ಲ. ಒಡೆಯೋದು ಹಾಲಿನಲ್ಲಿರುವ ಕೇಸಿನ್ ಅನ್ನುವ ಪ್ರೋಟೀನು, ಅದು ಅಕ್ಕಿಯಲ್ಲಿ ಇಲ್ಲ. ಅದೇ ಕಾರಣಕ್ಕೆ ಇದಕ್ಕೆ ಹೆಪ್ಪು ಹಾಕಿದರೆ ಮೊಸರೂ ಆಗಲ್ಲ. ಪ್ರಯತ್ನಪಟ್ಟು ನಿರಾಸೆ ಆಗಬೇಡಿ.

ನೆನೆಸಿ ರುಬ್ಬುವ ವಿಧಾನ

ಹಾಲುಬಾಯಿಗೆ ತೆಗೆಯುವ ಹಾಗೆ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ತಣ್ಣೀರಲ್ಲಿ ರುಬ್ಬಿ ಸೋಸಿದರೆ ನೋಡಲು ಅಪ್ಪಟ ಹಾಲಿನ ಬಣ್ಣ. ಫೋಟೋಗೆ ಇದೇ ಚೆಂದ. ಆದರೆ ಕುಡಿಯಲು ಇದು ತಕ್ಕದ್ದಲ್ಲ. ಹಸಿ ಪಿಷ್ಟ ಹತ್ತು ನಿಮಿಷಕ್ಕೆ ತಳ ಸೇರುತ್ತೆ, ನಾಲಿಗೆಗೆ ಸುಣ್ಣದ ಪುಡಿಯಂತೆ ಹತ್ತುತ್ತೆ, ಜೀರ್ಣವೂ ಕಷ್ಟ. ಕಾಯಿಸಿ ಕುಡಿಯೋಣ ಅಂದರೆ 65-75 ಡಿಗ್ರಿ ಬಿಸಿಗೆ ಬರುತ್ತಿದ್ದಂತೆ ಪಿಷ್ಟ ನೀರು ಹೀರಿ ಊದಿಕೊಂಡು ಇಡೀ ಪಾತ್ರೆ ಅಂಬಲಿಯಾಗುತ್ತೆ. ಯೂಟ್ಯೂಬ್ ನೋಡಿ ಮಾಡಿದ ಅಕ್ಕಿ ಹಾಲು ಟೀಗೆ ಹಾಕಿದ ಕೂಡಲೇ ಗಟ್ಟಿಯಾಯಿತು ಅನ್ನುವವರು ಇದನ್ನೇ ಮಾಡಿರುತ್ತಾರೆ. ಪಾಯಸಕ್ಕೆ, ಸಾರು ಮಂದ ಮಾಡೋಕೆ, ಹಾಲುಬಾಯಿಗೆ ಇದು ಸರಿ. ಲೋಟಕ್ಕೆ ಬೇಡ.

ಮೊಳಕೆ ರಾಗಿಯ ಉಪಾಯ

ಅಂಗಡಿಯ ಅಕ್ಕಿ ಹಾಲು ಕಾಯಿಸಿದರೂ ಗಟ್ಟಿಯಾಗಲ್ಲ, ಸಕ್ಕರೆ ಹಾಕಿಲ್ಲ ಅಂತ ಬರೆದಿದ್ದರೂ ಸಿಹಿಯಾಗಿರುತ್ತೆ. ಅದು ಹೇಗೆ? ಕಾರ್ಖಾನೆಯಲ್ಲಿ ಬೇಯಿಸಿದ ಅಕ್ಕಿಗೆ ಅಮೈಲೇಸ್ ಅನ್ನುವ ಕಿಣ್ವ ಹಾಕುತ್ತಾರೆ. ಪಿಷ್ಟದ ಉದ್ದ ಸರಪಳಿಯನ್ನು ಅದು ಕತ್ತರಿಸಿ ಸಕ್ಕರೆಯಾಗಿಸುತ್ತೆ. ಅಂಟು ಹೋಗಿ ನೀರಾಗುತ್ತೆ, ಸಿಹಿ ಬರುತ್ತೆ. ಇದೇ ಕಿಣ್ವ ಮೊಳಕೆ ಬಂದ ರಾಗಿಯಲ್ಲಿ ಧಾರಾಳವಾಗಿ ಇದೆ. ಮೊಳಕೆ ರಾಗಿ ಹಿಟ್ಟು ಸೇರಿಸಿದರೆ ಗಂಜಿ ತೆಳುವಾಗುತ್ತೆ ಅನ್ನುವುದನ್ನು ಬಳಸಿಕೊಂಡು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1980ರ ದಶಕದಲ್ಲೇ ರಾಗಿ-ಹೆಸರುಕಾಳಿನ ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದರು. ರಾಗಿ ಮಾಲ್ಟ್ ಮನೆಯಲ್ಲಿ ಮಾಡುವವರ ಕೈಯಲ್ಲಿ ಕಾರ್ಖಾನೆಯ ಗುಟ್ಟು ಆಗಲೇ ಇದೆ.

ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ನೀರು ಚಿಮುಕಿಸುತ್ತ ಎರಡು ದಿನ ಇಟ್ಟರೆ ಮೊಳಕೆ ಒಡೆಯುತ್ತೆ. ನೆರಳಲ್ಲೋ ಎಳೆ ಬಿಸಿಲಲ್ಲೋ ಗರಿಗರಿ ಒಣಗಿಸಿ ಹಿಟ್ಟು ಮಾಡಿ. ಹುರಿಯಬಾರದು. ಇಲ್ಲೇ ಹೆಚ್ಚಿನವರು ಎಡವೋದು. ಮಾಲ್ಟ್ ಘಮ ಬರಲಿ ಅಂತ ಹುರಿದ ಹಿಟ್ಟಿನಲ್ಲಿ ಕಿಣ್ವ ಸತ್ತಿರುತ್ತೆ, ಎಷ್ಟು ಹಾಕಿದರೂ ಗಂಜಿ ಗಂಜಿಯಾಗೇ ಇರುತ್ತೆ. ಅಂಗಡಿಯ ರಾಗಿ ಮಾಲ್ಟ್ ಪುಡಿಯೂ ಹುರಿದದ್ದಾದರೆ ಕೆಲಸಕ್ಕೆ ಬಾರದು.

100 ಗ್ರಾಂ ಅಕ್ಕಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಎರಡು ಲೋಟ ನೀರಿಗೆ ಸುರಿದು ಎಂಟು ಹತ್ತು ನಿಮಿಷ ತಿರುವಿ. ಗಟ್ಟಿ ಗಂಜಿಯಾಗುತ್ತೆ. ಒಲೆ ಆರಿಸಿ. ಈಗ ಬೇಕಾಗಿರೋದು 60-65 ಡಿಗ್ರಿ ಬಿಸಿ. ಅದಕ್ಕಿಂತ ಬಿಸಿಯಾದರೆ ಕಿಣ್ವ ಸಾಯುತ್ತೆ, ಆರಿದರೆ ಕೆಲಸ ನಿಧಾನ. ಥರ್ಮಾಮೀಟರ್ ಇಲ್ಲದಿದ್ದರೂ ಚಿಂತೆ ಇಲ್ಲ, ಲೆಕ್ಕ ಸುಲಭ: ಕುದಿಯುತ್ತಿದ್ದ ಗಂಜಿ ಎಷ್ಟಿದೆಯೋ ಅಷ್ಟೇ ಅಳತೆಯ ಕಾಯಿಸಿ ಆರಿಸಿದ ನೀರನ್ನು ಅದಕ್ಕೆ ಸೇರಿಸಿ ಕಡೆಗೋಲಿನಲ್ಲಿ ಕಡೆದರೆ ಬಿಸಿ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತೆ. ಬೆರಳಿಟ್ಟರೆ ತಕ್ಷಣ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸುವ ಬಿಸಿ ಅದು.

ಎರಡು ಚಮಚ ಮೊಳಕೆ ರಾಗಿ ಹಿಟ್ಟನ್ನು ಸ್ವಲ್ಪ ನೀರಲ್ಲಿ ಕಲಸಿ ಇದಕ್ಕೆ ಹಾಕಿ, ಹಾಟ್‌ಬಾಕ್ಸ್‌ಗೆ ಸುರಿದು ಮುಚ್ಚಿ. ಕಾಲು ಗಂಟೆ ಬಿಟ್ಟು ತೆಗೆದು ನೋಡಿದರೆ ಸೌಟಿಗೆ ಅಂಟಿಕೊಳ್ಳುತ್ತಿದ್ದ ಗಂಜಿ ನೀರಿನಂತೆ ಜಾರುತ್ತಿರುತ್ತೆ. ಮೊದಲ ಸಲ ನೋಡುವವರಿಗೆ ಇದು ಸಣ್ಣ ಜಾದೂ. ಮುಕ್ಕಾಲರಿಂದ ಒಂದು ಗಂಟೆ ಹಾಗೇ ಇಟ್ಟು, ಮತ್ತೆ ಪಾತ್ರೆಗೆ ಸುರಿದು ಐದು ನಿಮಿಷ ಚೆನ್ನಾಗಿ ಕುದಿಸಿ. ಕುದಿಸೋದನ್ನು ಬಿಡಬೇಡಿ. ಮೊಳಕೆ ಕಟ್ಟಿಟ್ಟ ಧಾನ್ಯದಲ್ಲಿ ಕಿಣ್ವದ ಜೊತೆ ರೋಗಾಣುವೂ ಬೆಳೆದಿರಬಹುದು. ಆಮೇಲೆ ಸೋಸಿ, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಮುಗೀತು. ಬಣ್ಣ ಹಾಲಿನಷ್ಟು ಬಿಳಿ ಇರಲ್ಲ, ನಸು ಕಂದು. ಹಿತವಾದ ಸಣ್ಣ ಸಿಹಿ ಇರುತ್ತೆ. ಮತ್ತೆ ಕಾಯಿಸಿದರೂ ಗಟ್ಟಿಯಾಗಲ್ಲ.

ಹೊರಗೆ ಇಡಬೇಡಿ

ಅನ್ನ ಹಳಸಿದರೆ ವಾಸನೆಯಲ್ಲಿ ಗೊತ್ತಾಗುತ್ತೆ ಅನ್ನುವ ನಂಬಿಕೆ ಪೂರ್ತಿ ಸರಿಯಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ, ಅವು ಬೇಯಿಸಿದರೂ ಸಾಯಲ್ಲ. ಬೆಂದ ಅಕ್ಕಿ ಗಂಟೆಗಟ್ಟಲೆ ಹೊರಗೆ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗಲ್ಲ. ‘ಕಾಯಿಸಿ ಕುಡಿದರಾಯ್ತು’ ಅನ್ನೋದು ಇಲ್ಲಿ ನಡೆಯಲ್ಲ. ಮಾಡಿದ ಗಂಟೆಯೊಳಗೆ ಆರಿಸಿ, ಗಾಜಿನ ಬಾಟಲಿಯಲ್ಲಿ ಫ್ರಿಜ್‌ಗೆ ಹಾಕಿ, ಎರಡು ದಿನದಲ್ಲಿ, ಹೆಚ್ಚೆಂದರೆ ಮೂರನೇ ದಿನ ಮುಗಿಸಿ. ಬೇಸಿಗೆಯಲ್ಲಿ ಅಕ್ಕಿ ನೆನೆಸುವ ಪಾತ್ರೆಯೂ ಫ್ರಿಜ್‌ನಲ್ಲಿರಲಿ. ಕರೆಂಟು ಮಧ್ಯಾಹ್ನವೆಲ್ಲ ಹೋಗುವ ಊರಿನವರು ಆವತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳೋದು ವಾಸಿ. ಬಾಟಲಿಯಲ್ಲಿ ತಳ ಕಟ್ಟೋದು ಸಹಜ, ಅಲ್ಲಾಡಿಸಿ ಕುಡಿಯಬೇಕು. ಹುಳಿ ವಾಸನೆ, ನೊರೆ ಕಂಡರೆ ಚೆಲ್ಲಿ.

ಮಕ್ಕಳಿಗೆ: ಹೆಸರು ಹಾಲು, ಗುಣ ಹಾಲಿನದಲ್ಲ

ಇದೇ ಮುಖ್ಯ ವಿಷಯ. ಲೆಕ್ಕ ಹಾಕಿ ನೋಡಿ. 100 ಗ್ರಾಂ ಅಕ್ಕಿಯಲ್ಲಿ ಪ್ರೋಟೀನ್ ಇರೋದು 7-8 ಗ್ರಾಂ. ಅದನ್ನು ಒಂದು ಲೀಟರ್ ಮಾಡಿದರೆ 200 ಮಿ.ಲೀ. ಲೋಟಕ್ಕೆ ಸೋಸದೇ ಕುಡಿದರೂ ಒಂದೂವರೆ ಗ್ರಾಂ. ಸೋಸಿದ ಮೇಲೆ ಇನ್ನೂ ಕಡಿಮೆ. ಅದೇ ಲೋಟ ಹಸುವಿನ ಹಾಲಿನಲ್ಲಿ ಆರು ಗ್ರಾಂಗಿಂತ ಹೆಚ್ಚು ಪ್ರೋಟೀನ್, 240 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತೆ. ಅಕ್ಕಿ ಹಾಲಿನ ಲೋಟದಲ್ಲಿ ಕ್ಯಾಲ್ಸಿಯಂ ಎರಡು ಮೂರು ಮಿ.ಗ್ರಾಂ ಇದ್ದರೆ ಹೆಚ್ಚು. ಅಂಗಡಿಯ ಕೆಲವು ಪ್ಯಾಕೆಟ್‌ಗಳಿಗೆ ಕ್ಯಾಲ್ಸಿಯಂ, ವಿಟಮಿನ್ ಬೆರೆಸಿರುತ್ತಾರೆ, ಮನೆಯದಕ್ಕೆ ಅದೂ ಇಲ್ಲ.

ದೊಡ್ಡವರು ಮುದ್ದೆ, ಸಾರು, ಕಾಳು, ಮೊಟ್ಟೆ ಅಂತ ಬೇರೆ ಕಡೆಯಿಂದ ತುಂಬಿಸಿಕೊಳ್ಳುತ್ತಾರೆ. ಹಾಲನ್ನೇ ನೆಚ್ಚಿಕೊಂಡ ಕೂಸಿಗೆ ಆ ದಾರಿ ಇಲ್ಲ. 2001ರಲ್ಲಿ ಅಮೆರಿಕದ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಇನ್ನೂ ಎರಡು ವರ್ಷ ತುಂಬದ ಮಗುವೊಂದರ ವಿವರ ಬಂತು. ಆ ಮಗು ಹೆಚ್ಚಾಗಿ ಕುಡಿಯುತ್ತಿದ್ದುದು ಅಕ್ಕಿಯ ಪಾನೀಯ. ಅದಕ್ಕೆ ಬಂದದ್ದು ಕ್ವಾಶಿಯೋರ್ಕರ್, ಅಂದರೆ ಪ್ರೋಟೀನ್ ಇಲ್ಲದೆ ಬರುವ ತೀವ್ರ ಅಪೌಷ್ಟಿಕತೆ. ಬರಗಾಲದ ನಾಡುಗಳ ಕಾಯಿಲೆ ಅಂತಲೇ ಎಲ್ಲರೂ ಅಂದುಕೊಂಡಿದ್ದದ್ದು, ಅಂಗಡಿ ತುಂಬಿ ತುಳುಕುವ ದೇಶದಲ್ಲಿ ಕಾಣಿಸಿಕೊಂಡಿತ್ತು. ಈ ಕಾಯಿಲೆಯಲ್ಲಿ ಕಾಲು, ಮುಖ ಊದಿಕೊಳ್ಳುತ್ತೆ, ಕೂದಲ ಬಣ್ಣ ಮಾಸುತ್ತೆ, ಚರ್ಮ ಸುಲಿಯುತ್ತೆ. ಊದಿಕೊಂಡ ಮಗು ನೋಡೋಕೆ ಗುಂಡು ಗುಂಡಾಗಿ ಕಾಣೋದರಿಂದ ಮನೆಯವರಿಗೆ ತಡವಾಗಿ ಗೊತ್ತಾಗುವ ಅಪಾಯ ಇದೆ.

ಎರಡನೆಯದು ಆರ್ಸೆನಿಕ್. ನೀರು ನಿಂತ ಗದ್ದೆಯಲ್ಲಿ ಬೆಳೆಯುವ ಭತ್ತ ಬೇರೆ ಧಾನ್ಯಗಳಿಗಿಂತ ಹೆಚ್ಚಾಗಿ ಮಣ್ಣಿನ ಆರ್ಸೆನಿಕ್ ಹೀರಿಕೊಳ್ಳುತ್ತೆ. ಎಷ್ಟು ಅನ್ನೋದು ಮಣ್ಣು, ನೀರಿನ ಮೇಲೆ ಹೋಗುತ್ತೆ, ಎಲ್ಲ ಕಡೆ ಒಂದೇ ಇರಲ್ಲ. ಪಾಲಿಶ್ ಅಕ್ಕಿಯಲ್ಲಿ ಕೆ.ಜಿ.ಗೆ 0.2 ಮಿ.ಗ್ರಾಂ ಮೀರಬಾರದು ಅಂತ ಅಂತಾರಾಷ್ಟ್ರೀಯ ಆಹಾರ ಗುಣಮಟ್ಟ ಸಂಸ್ಥೆ ಕೋಡೆಕ್ಸ್ 2014ರಲ್ಲಿ ಮಿತಿ ಹಾಕಿದೆ. ತವುಡು ಇರುವ ಅಕ್ಕಿಯಲ್ಲಿ ಪಾಲಿಶ್ ಅಕ್ಕಿಗಿಂತ ಹೆಚ್ಚಿರುತ್ತೆ. ದಿನಕ್ಕೆರಡು ಹೊತ್ತು ಅನ್ನ ಉಣ್ಣುವ ದೊಡ್ಡವರು ಒಂದು ಲೋಟಕ್ಕೆ ಹೆದರಬೇಕಿಲ್ಲ. ಹತ್ತು ಹನ್ನೆರಡು ಕೆ.ಜಿ. ತೂಕದ ಮಗು ಹಾಲಿನ ಬದಲು ದಿನವೂ ಮೂರು ನಾಲ್ಕು ಲೋಟ ಇದನ್ನೇ ಕುಡಿದರೆ ಮೈತೂಕಕ್ಕೆ ಹೋಲಿಸಿ ಬೀಳುವ ಪಾಲು ದೊಡ್ಡದು. ಈ ಕಾರಣಕ್ಕೇ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2009ರಲ್ಲಿ ಎಳೆ ಮಕ್ಕಳಿಗೆ ಹಾಲಿನ ಬದಲಾಗಿ ಅಕ್ಕಿ ಪಾನೀಯ ಕೊಡಬೇಡಿ ಅಂತ ಹೇಳಿತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೂ ಐದು ವರ್ಷದೊಳಗಿನವರಿಗೆ ಇದು ಬೇಡ ಅನ್ನುತ್ತೆ.

ಹಾಗಂತ ಆರು ತಿಂಗಳಾದ ಮೇಲೆ ಮಗುವಿಗೆ ತಿನ್ನಿಸುವ ಅಕ್ಕಿ-ಬೇಳೆಯ ಸರಿ ಹಿಟ್ಟು ತಪ್ಪು ಅಂತ ಅಲ್ಲ. ತಾಯಿ ಹಾಲಿನ ಜೊತೆಗೆ ಹತ್ತರಲ್ಲಿ ಒಂದಾಗಿ ಅಕ್ಕಿ ಇರೋದು ಬೇರೆ, ಹಾಲಿನ ಜಾಗವನ್ನೇ ಅಕ್ಕಿ ನೀರು ಹಿಡಿಯೋದು ಬೇರೆ. ಒಂದು ವರ್ಷದೊಳಗಿನ ಕೂಸಿಗೆ ತಾಯಿ ಹಾಲು, ಅದು ಆಗದಿದ್ದರೆ ಡಾಕ್ಟರ್ ಬರೆದುಕೊಟ್ಟ ಪುಡಿ ಹಾಲು. ಹಸುವಿನ ಹಾಲಿನ ಅಲರ್ಜಿ ಇರುವ ಮಕ್ಕಳಿಗೆಂದೇ ಬೇರೆ ಥರದ ಪುಡಿಗಳಿವೆ, ಅದನ್ನು ಮಕ್ಕಳ ಡಾಕ್ಟರೇ ಹೇಳಬೇಕು. ದುಬಾರಿ ಅಂತ ಅದರ ಬದಲು ಅಕ್ಕಿ ಹಾಲು ಶುರು ಮಾಡಬಾರದು.

ಅಲರ್ಜಿ ಬೇರೆ, ಜೀರ್ಣವಾಗದಿರೋದು ಬೇರೆ

ಹಾಲು ಆಗಲ್ಲ ಅನ್ನುವವರಲ್ಲಿ ಎರಡು ಥರ. ಹಾಲಿನ ಪ್ರೋಟೀನಿಗೆ ಮೈ ತಿರುಗಿಬಿದ್ದರೆ ಅದು ಅಲರ್ಜಿ: ದದ್ದು, ತುಟಿ ಊತ, ಉಸಿರು ಕಟ್ಟೋದು. ಇದು ಹೆಚ್ಚಾಗಿ ಚಿಕ್ಕ ಮಕ್ಕಳಲ್ಲಿ. ಅಂಥವರಿಗೆ ಮೊಸರು, ತುಪ್ಪ, ಹಾಲಿನ ಬಿಸ್ಕತ್ತು ಯಾವುದೂ ಬೇಡ, ಡಾಕ್ಟರ್ ನೋಡಲೇಬೇಕು. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಅರಗದಿದ್ದರೆ ಹೊಟ್ಟೆ ಉಬ್ಬರ, ಗುಡುಗುಡು, ಭೇದಿ. ವಯಸ್ಸಾಗುತ್ತ ಇದು ನಮ್ಮ ದಕ್ಷಿಣದಲ್ಲಿ ತುಂಬ ಜನಕ್ಕೆ ಬರುತ್ತೆ, ಕಾಯಿಲೆ ಅಂತ ಕರೆಯುವಷ್ಟೂ ಇಲ್ಲ. ಇವರಲ್ಲಿ ಹೆಚ್ಚಿನವರಿಗೆ ಮೊಸರು, ಮಜ್ಜಿಗೆ ಆಗುತ್ತೆ, ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸ್‌ನ ಒಂದು ಪಾಲನ್ನು ಮೊದಲೇ ತಿಂದಿರುತ್ತೆ. ಕಾಫಿಗೆ ಹಾಕುವ ಒಂದಿಷ್ಟು ಹಾಲೂ ತೊಂದರೆ ಕೊಡದೇ ಇರಬಹುದು. ಹೊಟ್ಟೆ ಉಬ್ಬರಿಸಿತು ಅಂತ ಮಜ್ಜಿಗೆಯನ್ನೂ ಬಿಟ್ಟು ಅಕ್ಕಿ ಹಾಲಿಗೆ ಬರೋದು ಲಾಭಕ್ಕಿಂತ ನಷ್ಟ.

ಸಕ್ಕರೆ ಕಾಯಿಲೆ ಇರುವವರಿಗೆ ಅಕ್ಕಿ ಹಾಲು ಒಳ್ಳೇದಲ್ಲ. ನಾರು ಹೋದ, ದ್ರವವಾದ ಅಕ್ಕಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತೆ. ಅದರಲ್ಲೂ ರಾಗಿ ಮೊಳಕೆ ಹಾಕಿ ಮಾಡಿದ್ದು ಇನ್ನೂ ಬೇಗ, ಅದರಲ್ಲಿ ಪಿಷ್ಟ ಆಗಲೇ ಸಕ್ಕರೆಯಾಗಿದೆ. ಮೇಲೆ ಸಕ್ಕರೆ ಹಾಕಿಲ್ಲ ಅನ್ನೋದು ಲೆಕ್ಕಕ್ಕೆ ಬರಲ್ಲ. ಪ್ಯಾಕೆಟ್ ಕೊಳ್ಳುವವರೂ ‘ಸೇರಿಸಿದ ಸಕ್ಕರೆ’ ಸಾಲು ಬಿಟ್ಟು ‘ಒಟ್ಟು ಸಕ್ಕರೆ’ ಸಾಲು ಓದಬೇಕು. ಕಿಡ್ನಿ ತೊಂದರೆಯವರಿಗೆ ಪೊಟ್ಯಾಸಿಯಂ, ರಂಜಕ ಕಡಿಮೆ ಇರುವ ಕಾರಣಕ್ಕೆ ಡಾಕ್ಟರೇ ಕೆಲವೊಮ್ಮೆ ಇದನ್ನು ಹೇಳುವುದುಂಟು, ಸ್ವಂತ ತೀರ್ಮಾನ ಬೇಡ.

ಹಾಲು ಪೂರ್ತಿ ಬಿಟ್ಟ ದೊಡ್ಡವರು ಕ್ಯಾಲ್ಸಿಯಂ ಎಲ್ಲಿಂದ ತರಬೇಕು? ಮಂಡ್ಯದಲ್ಲಿ ಈ ಪ್ರಶ್ನೆಗೆ ಉತ್ತರ ತಟ್ಟೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ 340-360 ಮಿ.ಗ್ರಾಂ. ಎಳ್ಳು, ನುಗ್ಗೆ ಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇವೆ. ಬಿ12 ಮಾತ್ರ ಗಿಡಗಳಿಂದ ನೆಚ್ಚುವಷ್ಟು ಸಿಗಲ್ಲ. ಮೊಟ್ಟೆ, ಮಾಂಸ, ಹಾಲು ಮೂರೂ ಬಿಟ್ಟವರು ಮಾತ್ರೆಯ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಬೇಕು.

ಹಾಲು ಅಂತ ಕರೆಯಬಹುದಾ?

ಮನೆಯಲ್ಲಿ ಏನು ಬೇಕಾದರೂ ಕರೆಯಿರಿ. ಮಾರುವವರಿಗೆ ಆ ಸ್ವಾತಂತ್ರ್ಯ ಇಲ್ಲ. ಸಸ್ಯಮೂಲದ ಪಾನೀಯಗಳಿಗೆ ಹಾಲು ಅನ್ನುವ ಹೆಸರು ಹಾಕಬಾರದು ಅಂತ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2021ರಲ್ಲಿ ಸ್ಪಷ್ಟವಾಗಿ ಹೇಳಿ, ಆನ್‌ಲೈನ್ ಅಂಗಡಿಗಳಿಂದಲೂ ಅಂಥ ಹೆಸರಿನ ಸರಕು ತೆಗೆಸಲು ಸೂಚಿಸಿತು. ತೆಂಗಿನಕಾಯಿ ಹಾಲಿನಂತೆ ಮೊದಲಿಂದ ಬಳಕೆಯಲ್ಲಿರುವ ಹೆಸರಿಗೆ ವಿನಾಯಿತಿ ಇದೆ. ಅದಕ್ಕೇ ಪ್ಯಾಕೆಟ್ ಮೇಲೆ ‘ಡ್ರಿಂಕ್’, ‘ಬೆವರೇಜ್’ ಅಂತ ಇರೋದು. ಸ್ತ್ರೀಶಕ್ತಿ ಸಂಘದವರೋ ಸಣ್ಣ ಉದ್ಯಮದವರೋ ಬಾಟಲಿಯಲ್ಲಿ ತುಂಬಿ ಮಾರುವ ಯೋಚನೆ ಇಟ್ಟುಕೊಂಡಿದ್ದರೆ ಲೇಬಲ್ ಅಚ್ಚು ಹಾಕಿಸುವ ಮೊದಲು ಇದು ಗೊತ್ತಿರಲಿ. ಪ್ರಾಧಿಕಾರದ ನೋಂದಣಿಯೂ ಬೇಕು. ಮೂರು ದಿನಕ್ಕಿಂತ ಹೆಚ್ಚು ಉಳಿಯದ ಪದಾರ್ಥ ಅನ್ನೋದನ್ನೂ ಮರೆಯಬಾರದು.

ಎಲ್ಲಿ ಹೊಂದುತ್ತೆ, ಎಲ್ಲಿ ಹೊಂದಲ್ಲ

ಫಿಲ್ಟರ್ ಕಾಫಿಗೆ ಹೊಂದಲ್ಲ. ಎಷ್ಟು ಗಟ್ಟಿ ಮಾಡಿದರೂ ಡಿಕಾಕ್ಷನ್ ನೀರು ನೀರಾಗಿ ಕಾಣುತ್ತೆ, ನೊರೆ ನಿಲ್ಲಲ್ಲ. ಶುಂಠಿ-ಏಲಕ್ಕಿ ಹಾಕಿದ ಟೀಗೆ ಪರವಾಗಿಲ್ಲ, ರಾಗಿ ವಿಧಾನದ್ದಾದರೆ ಮಾತ್ರ. ಶ್ಯಾವಿಗೆ ಪಾಯಸ, ಬಾಳೆಹಣ್ಣಿನ ರಸಾಯನ, ಬೆಲ್ಲ-ಏಲಕ್ಕಿ ಹಾಕಿ ತಣ್ಣಗೆ ಕುಡಿಯೋದಕ್ಕೆ ಚೆನ್ನಾಗಿದೆ. ಕಾಯಿಹಾಲು ಅರ್ಧ, ಅಕ್ಕಿ ಹಾಲು ಅರ್ಧ ಬೆರೆಸಿದರೆ ಎರಡರ ಕೊರತೆಯೂ ಸ್ವಲ್ಪ ಮುಚ್ಚಿಹೋಗುತ್ತೆ.

ಬಟ್ಟೆಯಲ್ಲಿ ಉಳಿದ ಚರಟ ಚೆಲ್ಲಬೇಡಿ. ಅನ್ನದ ವಿಧಾನದ್ದಾದರೆ ಅಕ್ಕಿ ಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಕಲಸಿ ರೊಟ್ಟಿ ತಟ್ಟಿದರೆ ಮೆತ್ತಗೆ ಬರುತ್ತೆ. ನೆನೆಸಿ ರುಬ್ಬಿದ್ದಾದರೆ ಅವತ್ತಿನ ದೋಸೆ ಹಿಟ್ಟಿಗೆ ಸೇರಿಸಿ. ರಾಗಿ ವಿಧಾನದ ಚರಟದಲ್ಲಿ ಸಿಹಿ ಇರೋದರಿಂದ ರೊಟ್ಟಿ ಹಂಚಿನ ಮೇಲೆ ಬೇಗ ಕಪ್ಪಾಗುತ್ತೆ, ಉರಿ ಸಣ್ಣ ಇಟ್ಟುಕೊಳ್ಳಿ.